ಚುಕ್ಕಿ ಆರಿಸುವುದು

ಶಿರವಾಡದ ಗುಡ್ಡ ಕಡಿದ ಜಾಗದಲ್ಲಿ ನಮ್ಮ ರೇಂಜು.
ತಗಡಿನ ಮಾಡು, ಎಂಟು ಲೇನು, ಒಂದು ಕುಂಟು ಮೇಜು.
ಮೇಜಿನ ಮೇಲೆ ರುಜಾರಣ್ಣ ಎರಡು ರೆಡ್ ಡಾಟ್ ಸೈಟು ಇಟ್ಟ,
ಬಂಗಡೆ ಮಾರುವವರ ಹಾಗೆ ಒರೆಸಿ, ತಲೆ ಒಂದೇ ಕಡೆ ಮಾಡಿ:
"ಆರಿಸು."

ಆರಿಸು ಅಂದರೆ ಆಯ್ದುಕೋ.
ಆರಿಸು ಅಂದರೆ ನಂದಿಸು ಕೂಡ.
ನೌಕಾನೆಲೆಯಲ್ಲಿ ಇಪ್ಪತ್ತೆರಡು ವರ್ಷ
ಬಂದೂಕು ಬಿಚ್ಚಿ ಜೋಡಿಸಿದವನಿಗೆ
ಕನ್ನಡದ ಈ ತಂಟೆ ಗೊತ್ತಿಲ್ಲ, ಅವನದು ಕೊಂಕಣಿ.

ನನ್ನ ಹಳೆಯ ಕಬ್ಬಿಣದ ಸೈಟಿಗೆ ಏನಾಗಿತ್ತು?
ಏನೂ ಇಲ್ಲ. ಆದದ್ದು ನನಗೆ, ನಲವತ್ತಮೂರು.
ಮುಂದಿನ ಕುಡಿ ಮಂಜು, ಹಿಂದಿನ ಸೀಳು ಮಂಜು,
ಹತ್ತರ ವೃತ್ತ ಮಾತ್ರ ದೂರದಲ್ಲಿ ನಿಚ್ಚಳ,
ಜಗಳವಾಡಿದ ನೆಂಟರ ಮನೆಯ ಹಾಗೆ.

ಮೊದಲನೆಯದು ಬಾಯ್ದೆರೆದದ್ದು, ಹಗುರ. ಮೂರರ ಚುಕ್ಕಿ:
ಇಪ್ಪತ್ತೈದು ಮೀಟರಿನಾಚೆ ಒಂದು ರೂಪಾಯಿಯಷ್ಟು.
ಎರಡನೆಯದು ಮುಚ್ಚಿದ ಪೆಟ್ಟಿಗೆ, ಎರಡೂ ಕಡೆ ಗಾಜು. ಆರರ ಚುಕ್ಕಿ:
ಅಷ್ಟೇ ದೂರಕ್ಕೆ ಹಣ್ಣಾದ ಮುರುಗಲು.
ಸಣ್ಣದು ಸತ್ಯ ಹೇಳುತ್ತದೆ, ಹುಡುಕುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.
ದೊಡ್ಡದು ಬೇಗ ಸಿಗುತ್ತದೆ, ಹತ್ತನ್ನು ನುಂಗಿ ಕೂರುತ್ತದೆ.

ತೆರೆದದ್ದನ್ನು ಎತ್ತಿದೆ. ಆಷಾಢದ ಗಾಳಿ.
ತಗಡಿನಂಚಿನ ಒಂದೇ ಹನಿ ಒಳಗಿನ ದೀಪದ ಮೇಲೆ ಬಿದ್ದು
ಚುಕ್ಕಿ ಒಡೆಯಿತು, ಕೆಂಪು ಮೀನುಮೊಟ್ಟೆ ಗಾಜಿನ ತುಂಬ.
ರುಜಾರಣ್ಣ ನಕ್ಕ: "ಇದು ಕಾರವಾರ, ಬಾಯಿ.
ಬೀಗ ಹಾಕಿದ ಕಪಾಟಿಗೂ ಇಲ್ಲಿ ಉಪ್ಪು ಹೋಗುತ್ತದೆ."

ಮುಚ್ಚಿದ್ದನ್ನು ಎತ್ತಿದೆ.
ಚುಕ್ಕಿ ನಿಲ್ಲಲಿಲ್ಲ. ಜೆಟ್ಟಿಗೆ ಕಟ್ಟಿದ ದೋಣಿಯಂತೆ
ಏಳುತ್ತ, ಇಳಿಯುತ್ತ, ಹಗ್ಗ ಜಗ್ಗುತ್ತ.
ಇಷ್ಟು ನಡುಗುತ್ತೇನೆಯೆ ನಾನು?
"ಮೊದಲೂ ನಡುಗುತ್ತಿದ್ದೆ. ಕಬ್ಬಿಣ ಹೇಳುತ್ತಿರಲಿಲ್ಲ."

ಇನ್ನೊಂದು, ಅದು ಗುಂಡಗಿರಲಿಲ್ಲ.
ಎಡಕ್ಕೆ ಇಳಿದ ಬಾಲ, ಅಲ್ಪವಿರಾಮದ ಹಾಗೆ,
ಹೇಳಲು ಬಂದು ಹೊಸಿಲಲ್ಲಿ ನಿಂತವರ ಹಾಗೆ.
ಮಾಲು ಕೆಟ್ಟಿದೆ, ವಾಪಸು ಕಳಿಸು ಅಂದೆ.
ಅವನು ಸ್ಕ್ರೂ ಬಿಚ್ಚಿ ಪೆಟ್ಟಿಗೆಯನ್ನು ನನ್ನ ಕಣ್ಣೆದುರು
ಅಡ್ಡಡ್ಡ ತಿರುಗಿಸಿದ.
ಬಾಲ ತಿರುಗಲಿಲ್ಲ.
ಮೊಬೈಲಿನಲ್ಲಿ ಚುಕ್ಕಿಯ ಫೋಟೊ ತೆಗೆದು ತೋರಿಸಿದ,
ಒಗ್ಗರಣೆಗೆ ಹಾಕಬಹುದಾದ ಸಾಸಿವೆ, ಅಷ್ಟು ಗುಂಡಗೆ.
"ಮಾಲು ಸರಿ ಇದೆ. ಬಾಲ ನಿನ್ನದು."

ಗ್ರೀನ್ ಸ್ಟ್ರೀಟಿನ ಇಲಿಯಾಸ್ ಪರ್ಕಾರರು
ನನ್ನ ಗದ್ದವನ್ನು ತಣ್ಣನೆಯ ಕಟ್ಟಿಗೆ ಒತ್ತಿಸಿ,
ಗಾಜು ಹಾಕಿ, ಗಾಜು ತೆಗೆದು, ಇದೋ ಅದೋ ಕೇಳಿ
(ಅಲ್ಲೂ ಆರಿಸುವುದೇ)
"ಹುಟ್ಟಿನಿಂದ ಇದೆ," ಅಂದರು ಬಿಲ್ಲು ಬರೆಯುತ್ತ,
"ಈವರೆಗೆ ಯಾರೂ ಹೇಳಲಿಲ್ಲವೆ?"

ಯಾರು ಹೇಳಬೇಕಿತ್ತು?
ದೇವಗಡ ದ್ವೀಪದ ದೀಪಕ್ಕೆ ಮೀಸೆ ಇತ್ತು.
ಮರಳುವ ಟ್ರಾಲರುಗಳ ಎಡಬದಿಯ ಕೆಂಪಿಗೆ ಬಾಲ ಇತ್ತು.
ದೀಪ ಅಂದರೆ ಹಾಗೆಯೇ ಅಂದುಕೊಂಡವಳು ಯಾರನ್ನು ಕೇಳಲಿ?
ಅಪ್ಪನ ದೋಣಿಯ ಬಾಲ ಉದ್ದ. ಪುಂಡಲೀಕನದು ಮೊಂಡು.
ಬಾಲ ನೋಡಿ ಅನ್ನಕ್ಕೆ ಇಡುತ್ತಿದ್ದೆ.

ಮುಚ್ಚಿದ್ದನ್ನೇ ಕೊಂಡೆ, ಆರರದ್ದನ್ನೇ,
ಸೊಸೈಟಿ ಸಾಲ, ಹದಿನೆಂಟು ಕಂತು.
ಹೊಳಪಿನ ಗುಂಡಿಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಒತ್ತಿ
ಮತ್ತೊಂದು ಒತ್ತಿದರೆ ಆರಿಯೇ ಹೋದೀತು ಎಂಬಲ್ಲಿ ಬಿಟ್ಟಿದ್ದೇನೆ.
ಅಲ್ಲಿ ಮುರುಗಲು ಬತ್ತಿ ಹೆಚ್ಚುಕಡಿಮೆ ರೂಪಾಯಿಯಾಗುತ್ತದೆ.
ನಡುಕ ಇದ್ದಷ್ಟೇ ಇದೆ.
ರಾತ್ರಿ ಅಡುಗೆಮನೆಯ ಗೋಡೆಗೆ ಟಿಕಳಿ ಅಂಟಿಸಿ
ಖಾಲಿ ಪಿಸ್ತೂಲು ಎತ್ತುತ್ತೇನೆ, ಬೊಟ್ಟಿನ ಮೇಲೆ ಬೊಟ್ಟು,
ಐವತ್ತು ಸಲ. ನಾನು ಕೆಳಗಿಡುವವರೆಗೆ
ಗಂಡ ತಟ್ಟೆ ಹಿಡಿದು ಹೊಸಿಲಾಚೆ ಕಾಯುತ್ತಾನೆ,
ಸಾರು ಆರುತ್ತಿದೆ ಅನ್ನುತ್ತಾನೆ.

ಆಗಸ್ಟಿನಲ್ಲಿ ದೋಣಿ ಇಳಿದ ವಾರ
ಹೊಸ ಕನ್ನಡಕ ಹಾಕಿಕೊಂಡು ಬೈತಖೋಲದ ಕಟ್ಟೆಗೆ ಹೋದೆ.
ಕತ್ತಲಲ್ಲಿ ಸಾಲಾಗಿ ಬಂದವು. ಎಲ್ಲ ಗುಂಡಗೆ,
ಎಲ್ಲ ಸಣ್ಣಗೆ, ಎಷ್ಟು ಚೂಪು!
ಯಾವುದು ಯಾರದು ಗೊತ್ತಾಗಲಿಲ್ಲ.

ತೆಗೆದು ಸೆರಗಿಗೆ ಒರೆಸಿದೆ.
ಪುಂಡಲೀಕ ಮೊದಲು. ಹಿಂದೆಯೇ
ಅಪ್ಪನ ದೋಣಿಯಲ್ಲಿ ತಮ್ಮ.